ಮಕ್ಕಳ ಜೊತೆ ಆಲ್ಪ್ಸ್‌ಗೆ ಸ್ಕೀಯಿಂಗ್: ಯಾವ ಊರು ಆರಿಸೋದು?

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮಲ್ಲಿ ರೆಸಾರ್ಟ್ ಅಂದರೆ ಸಕಲೇಶಪುರದ ಕಡೆ ಕಾಫಿ ತೋಟದ ಮಧ್ಯೆ ಒಂದು ಗೇಟು, ಹತ್ತು ಕಾಟೇಜು, ಒಂದು ಈಜುಕೊಳ, ಊಟ ತಿಂಡಿ ಎಲ್ಲಾ ಒಳಗೇ. ಆಲ್ಪ್ಸ್‌ನಲ್ಲಿ ಸ್ಕೀ ರೆಸಾರ್ಟ್ ಅಂದರೆ ಅದಲ್ಲ, ಅದು ಇಡೀ ಒಂದು ಊರು. ಹೋಟೆಲು, ಬಾಡಿಗೆ ಮನೆಗಳು ಬೇರೆ ಬೇರೆಯವರವು. ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ನಡೆಸುವ ಕಂಪನಿ ಬೇರೆ, ಸ್ಕೀ ಶಾಲೆ ಬೇರೆ, ಬೂಟು ಬಾಡಿಗೆಗೆ ಕೊಡುವ ಅಂಗಡಿ ಬೇರೆ. ಹಾಗಾಗಿ "ಒಳ್ಳೆ ರೆಸಾರ್ಟ್ ಯಾವುದು ಹೇಳಿ" ಅಂದರೆ ಒಂದೇ ಮಾತಿನಲ್ಲಿ ಹೇಳೋಕೆ ಆಗುವುದಿಲ್ಲ. ಒಂದೇ ಊರಿನಲ್ಲಿ ಲಿಫ್ಟಿನ ಪಕ್ಕ ಮನೆ ಹಿಡಿದವರು ಖುಷಿಯಾಗಿ ವಾಪಸ್ ಬರುತ್ತಾರೆ, ಒಂದು ಕಿಲೋಮೀಟರ್ ಮೇಲೆ ಹಿಡಿದವರು ಇನ್ಯಾವತ್ತೂ ಸ್ಕೀಯಿಂಗ್ ಬೇಡ ಅನ್ನುತ್ತಾರೆ.

ನಾನು ಇರುವುದು ದಕ್ಷಿಣ ಜರ್ಮನಿಯಲ್ಲಿ, ಆಲ್ಪ್ಸ್ ಹತ್ತಿರವೇ. ಇಬ್ಬರು ಮಕ್ಕಳು. ಚಳಿಗಾಲ ಹತ್ತಿರ ಬಂದರೆ ಬೆಂಗಳೂರಿನ ನೆಂಟರು, ಲಂಡನ್ನಿನ ಸ್ನೇಹಿತರು ಇದೇ ಪ್ರಶ್ನೆ ಕೇಳುತ್ತಾರೆ. ಪ್ರತಿಯೊಬ್ಬರಿಗೂ ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಮ್ಮ ಮೊದಲ ವರ್ಷದ ಒಂದು ಬೆಳಗ್ಗೆ ಹೇಳುತ್ತೇನೆ. ಮಗಳಿಗೆ ಆಗ 5 ವರ್ಷ. ನೂರಾರು ಕಿಲೋಮೀಟರ್ ಇಳಿಜಾರು ಇದೆ ಅಂತ ಹೆಸರಾದ ಊರು ನೋಡಿ ಬುಕ್ ಮಾಡಿದ್ದೆ. ತರಗತಿ 9 ಗಂಟೆಗೆ. 7 ಗಂಟೆಗೆ ಎದ್ದು ಥರ್ಮಲ್, ಅದರ ಮೇಲೆ ಫ್ಲೀಸ್, ಅದರ ಮೇಲೆ ಹಿಮದ ಪ್ಯಾಂಟು, ಜಾಕೆಟ್ಟು, ಹೆಲ್ಮೆಟ್ಟು ಎಲ್ಲಾ ಹಾಕಿ, ಕಲ್ಲಿನ ಹಾಗೆ ಗಟ್ಟಿ ಇರುವ ಸ್ಕೀ ಬೂಟಿಗೆ ಕಾಲು ತುರುಕಿ, ಬಕಲ್ ಬಿಗಿದು ಬಾಗಿಲು ತೆಗೆದೆವು. ಆಗ "ಅಮ್ಮಾ, ಸುಸ್ಸು" ಅಂದಳು. ಎಲ್ಲಾ ಬಿಚ್ಚಿ ಮತ್ತೆ ಹಾಕಿ ಹೊರಟಾಗ 8:40. ಶಾಲೆ 900 ಮೀಟರ್ ದೂರ, ದಾರಿ ಏರು, ಹಗಲು ಕರಗಿದ ಹಿಮ ರಾತ್ರಿ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಒಂದು ಹೆಗಲ ಮೇಲೆ ನನ್ನ ಸ್ಕೀ, ಇನ್ನೊಂದು ಕಂಕುಳಲ್ಲಿ ಅವಳದು, ಉಳಿದ ಕೈಯಲ್ಲಿ ಅವಳ ಕೈ. ಅರ್ಧ ದಾರಿಯಲ್ಲಿ ಅವಳು ಹಿಮದ ಮೇಲೆ ಕೂತು ಅತ್ತಳು. ಆ ವಾರ ನಾವು ಆ ನೂರಾರು ಕಿಲೋಮೀಟರಿನಲ್ಲಿ ನೋಡಿದ್ದು 2 ಕಿಲೋಮೀಟರ್ ಇರಬಹುದು ಅಷ್ಟೇ.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಮನೆಯಲ್ಲಿ ಯಾರ ಕಾಲು ಚಿಕ್ಕದೋ, ಯಾರ ಮಂಡಿ ನೋಯುತ್ತದೋ, ಅವರನ್ನು ನೋಡಿ ಊರು ಆರಿಸಬೇಕು. ಮಿಕ್ಕವರಿಗೆ ಯಾವ ಊರಾದರೂ ನಡೆಯುತ್ತದೆ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ಯಾರ್ಯಾರು ಬರುತ್ತಾರೆ, ಯಾರಿಗೆ ಎಷ್ಟು ವಯಸ್ಸು, ಯಾರಿಗೆ ಸ್ಕೀ ಬರುತ್ತದೆ, ಯಾರು ಸ್ಕೀ ಹಾಕುವುದೇ ಇಲ್ಲ, ಬರೆಯಿರಿ. 3 ವರ್ಷದೊಳಗಿನ ಮಗು ಇದ್ದರೆ ಊರಿನಲ್ಲಿ ಶಿಶುವಿಹಾರ ಇರಲೇಬೇಕು, ಇಲ್ಲದಿದ್ದರೆ ಒಬ್ಬರು ವಾರಪೂರ್ತಿ ರೂಮಿನಲ್ಲೇ ಇರಬೇಕಾಗುತ್ತದೆ. 3ರಿಂದ 6ರವರೆಗಿನ ಮಕ್ಕಳಿಗೆ ದಿನಕ್ಕೆ ಎರಡು ಎರಡೂವರೆ ಗಂಟೆ ಪಾಠ ಸಾಕು, ಮಧ್ಯಾಹ್ನ ಜಾರುಬಂಡಿ, ಹಿಮದ ಗೊಂಬೆ ಅಂತ ಬೇರೆ ಏನಾದರೂ ಬೇಕು. 7 ದಾಟಿದ ಮಕ್ಕಳು ನಿಮಗಿಂತ ಬೇಗ ಕಲಿಯುತ್ತಾರೆ, ನಾಲ್ಕನೇ ದಿನಕ್ಕೆ ಅವರಿಗೆ ಚಿಕ್ಕ ಇಳಿಜಾರು ಬೇಜಾರು ಬರುತ್ತದೆ. ಅಜ್ಜ ಅಜ್ಜಿ ಇದ್ದರೆ ಜಾರದೆ ನಡೆಯಲು ಸಮತಟ್ಟಾದ ದಾರಿ, ಕೂತು ನೋಡಲು ಬೆಚ್ಚಗಿನ ಜಾಗ, ಮತ್ತೆ ಮೇಲೆ ಹೋಗಿ ಬರಲು ಸ್ಕೀ ಹಾಕದವರಿಗೂ ಟಿಕೆಟ್ ಕೊಡುವ ಗೊಂಡೋಲಾ (ತಂತಿಗೆ ತೂಗಿಕೊಂಡು ಹೋಗುವ ಮುಚ್ಚಿದ ಗಾಡಿ) ಅಥವಾ ರೈಲು ಬೇಕು. ಇದನ್ನು ಬರೆದುಕೊಂಡರೆ ಅರ್ಧ ಊರುಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಆಮೇಲೆ ವಾರ ಗೊತ್ತುಮಾಡಿ

ಊರಿಗಿಂತ ಮೊದಲು ವಾರ, ಇದು ಮುಖ್ಯ. ಕ್ರಿಸ್‌ಮಸ್-ಹೊಸ ವರ್ಷದ ಎರಡು ವಾರ ಮತ್ತು ಫೆಬ್ರವರಿ, ಇವೆರಡೂ ತುಂಬಾ ದುಬಾರಿ, ತುಂಬಾ ಜನ. ಫ್ರಾನ್ಸಿನ ಶಾಲೆಗಳಿಗೆ ಫೆಬ್ರವರಿಯಿಂದ ಮಾರ್ಚ್ ಆರಂಭದವರೆಗೆ ಮೂರು ವಲಯಗಳಾಗಿ ಎರಡೆರಡು ವಾರ ರಜೆ ಕೊಡುತ್ತಾರೆ. ಬ್ರಿಟನ್ನಿನವರ ರಜೆಯೂ ಫೆಬ್ರವರಿ ಮಧ್ಯಕ್ಕೇ ಬಂದು ಬೀಳುತ್ತದೆ. ಲಂಡನ್ನಿನವರಿಗೆ ಶಾಲೆ ಬಿಡಿಸಲು ಆಗುವುದಿಲ್ಲ, ಗೊತ್ತು. ನೀವು ಫೆಬ್ರವರಿಯಲ್ಲೇ ಹೋಗಬೇಕಾದರೆ ಫ್ರಾನ್ಸಿನ ದೊಡ್ಡ ಊರುಗಳಿಗಿಂತ ಆಸ್ಟ್ರಿಯಾ, ಇಟಲಿಯ ಚಿಕ್ಕ ಊರುಗಳನ್ನು ಮೊದಲು ನೋಡಿ. ಇನ್ನೂ ಶಾಲೆಗೆ ಸೇರದ ಮಕ್ಕಳಿದ್ದರೆ ಜನವರಿಯ ಎರಡನೇ ವಾರದಿಂದ ತಿಂಗಳ ಕೊನೆಯವರೆಗೆ ಹೋಗಿ. ಚಳಿ ಜಾಸ್ತಿ, ಆದರೆ ಲಿಫ್ಟಿನ ಸಾಲು ಚಿಕ್ಕದು, ಮನೆ ಬಾಡಿಗೆ ಎಷ್ಟೋ ಕಡಿಮೆ.

ಬೆಂಗಳೂರಿನಿಂದ ಬರುವವರಿಗೆ ಕಥೆ ಬೇರೆ. ಡಿಸೆಂಬರ್ ರಜೆ ಚಿಕ್ಕದು, ಮತ್ತು ಆ ವಾರವೇ ಎಲ್ಲ ಕಡೆ ಬೆಲೆ ಮೇಲೇರಿರುತ್ತದೆ. ಬೇಸಿಗೆ ರಜೆ ಶುರುವಾಗುವುದು ಮಾರ್ಚ್ ಕೊನೆ ಅಥವಾ ಏಪ್ರಿಲ್. ಅಷ್ಟರಲ್ಲಿ ತಗ್ಗಿನ ಊರುಗಳ ಹಿಮ ಕರಗಿ ಹುಲ್ಲು ಕಾಣುತ್ತಿರುತ್ತದೆ, ಎಷ್ಟೋ ಲಿಫ್ಟುಗಳು ಆ ವರ್ಷಕ್ಕೆ ನಿಂತಿರುತ್ತವೆ. ಆದರೆ ಎತ್ತರದ ಊರುಗಳಲ್ಲಿ ಏಪ್ರಿಲ್ ಮೊದಲ ವಾರ ನಿಜಕ್ಕೂ ಚೆನ್ನಾಗಿರುತ್ತದೆ. ಬಿಸಿಲು, ಉದ್ದದ ಹಗಲು, ಚಳಿ ಹದವಾಗಿ. ಬೆಂಗಳೂರಿನ ಮಕ್ಕಳಿಗೆ ಜನವರಿಯ ಮೈನಸ್ 15 ಡಿಗ್ರಿಗಿಂತ ಇದೇ ಮೇಲು ಅಂತ ನನ್ನ ಅನುಭವ. ಈಸ್ಟರ್ ಯಾವ ವಾರ ಬರುತ್ತದೆ ನೋಡಿಕೊಂಡು ಅದನ್ನು ಮಾತ್ರ ತಪ್ಪಿಸಿ.

ಎತ್ತರ ನೋಡಿ, ಎತ್ತರ ಒಂದನ್ನೇ ನೋಡಬೇಡಿ

ಫ್ರಾನ್ಸಿನ ವಾಲ್ ಥೋರೆನ್ಸ್ 2,300 ಮೀಟರ್‌ನಲ್ಲಿದೆ, ಯುರೋಪಿನಲ್ಲೇ ಅತಿ ಎತ್ತರದ ಸ್ಕೀ ಊರು. ಆಸ್ಟ್ರಿಯಾದ ಓಬರ್‌ಗುರ್ಗ್ಲ್ 1,930 ಮೀಟರ್. ಇಟಲಿಯ ಚೆರ್ವಿನಿಯಾ ಸುಮಾರು 2,050. ಇಂಥ ಕಡೆ ಏಪ್ರಿಲ್‌ನಲ್ಲೂ ಬಾಗಿಲ ಮುಂದೆ ಹಿಮ ಇರುತ್ತದೆ. ಆಸ್ಟ್ರಿಯಾದ ಹಿಂಟರ್‌ಟುಕ್ಸ್‌ನಲ್ಲಂತೂ ಹಿಮನದಿಯ ಮೇಲೆ ವರ್ಷವಿಡೀ ಸ್ಕೀ ಮಾಡಬಹುದು. ಇನ್ನೊಂದು ತುದಿಯಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯುಲ್ ಇದೆ, ತುಂಬಾ ಹೆಸರಾದ ಊರು, ಆದರೆ ಊರು ಇರುವುದು 760 ಮೀಟರ್ ಆಸುಪಾಸಿನಲ್ಲಿ. ಹೋಲಿಸಿ ನೋಡಿ, ನಮ್ಮ ಬೆಂಗಳೂರೇ 900 ಮೀಟರ್ ದಾಟುತ್ತದೆ. 2023ರ ಹೊಸ ವರ್ಷದ ಹೊತ್ತಿಗೆ ಆಲ್ಪ್ಸ್‌ನಲ್ಲಿ ಸೆಕೆ ಬಂದು ತಗ್ಗಿನ ಎಷ್ಟೋ ಊರುಗಳಲ್ಲಿ ಹಸಿರು ಹುಲ್ಲಿನ ಮಧ್ಯೆ ಯಂತ್ರದ ಹಿಮದ ಒಂದು ಬಿಳಿ ಪಟ್ಟಿ ಮಾತ್ರ ಉಳಿದಿತ್ತು. ದುಡ್ಡು ಕಟ್ಟಿ ಕೂತವರು ಹಾಗೇ ವಾಪಸ್ ಹೋದರು. ಹಾಗಾಗಿ ಡಿಸೆಂಬರ್‌ನಲ್ಲಿ ಅಥವಾ ಮಾರ್ಚ್ ಮಧ್ಯದ ನಂತರ ಹೋಗುವುದಾದರೆ ಊರು 1,800 ಮೀಟರ್ ಮೇಲಿರಲಿ. ಇಲ್ಲವೇ ಮಕ್ಕಳು ಕಲಿಯುವ ಇಳಿಜಾರಾದರೂ ಅಷ್ಟು ಎತ್ತರದಲ್ಲಿರಲಿ. ಜನವರಿ-ಫೆಬ್ರವರಿಗೆ 1,200-1,400 ಮೀಟರ್ ಊರು ಸಾಮಾನ್ಯವಾಗಿ ನಡೆಯುತ್ತದೆ.

ಎತ್ತರಕ್ಕೂ ಅದರದೇ ತೊಂದರೆ ಇದೆ. 2,000 ಮೀಟರ್ ಮೇಲೆ ಮರಗಳು ಬೆಳೆಯುವುದು ನಿಂತುಹೋಗುತ್ತದೆ. ಬಿಸಿಲಿದ್ದರೆ ಚೆಂದ. ಮೋಡ ಕವಿದರೆ ನೆಲ ಯಾವುದು ಆಕಾಶ ಯಾವುದು ಗೊತ್ತಾಗುವುದಿಲ್ಲ, ಎದುರಿಗಿರುವ ಉಬ್ಬು ಕಾಣುವುದಿಲ್ಲ, ಕಲಿಯುವವರಿಗೆ ತಲೆ ಸುತ್ತಿದ ಹಾಗೆ ಆಗುತ್ತದೆ. ಜೋರು ಗಾಳಿಗೆ ಲಿಫ್ಟ್ ನಿಲ್ಲಿಸುತ್ತಾರೆ. ಮರಗಳ ನಡುವಿನ ತಗ್ಗು ಇಳಿಜಾರಿನಲ್ಲಿ ಹಿಮ ಸುರಿಯುತ್ತಿದ್ದರೂ ಕಣ್ಣಿಗೆ ಆಧಾರ ಸಿಗುತ್ತದೆ. ಜೊತೆಗೆ ಚಿಕ್ಕ ಮಕ್ಕಳಿಗೆ ಮೊದಲ ಒಂದೆರಡು ರಾತ್ರಿ ಎತ್ತರದಲ್ಲಿ ಸರಿಯಾಗಿ ನಿದ್ದೆ ಬಾರದೆ ಇರಬಹುದು, ತಲೆನೋವೂ ಬರಬಹುದು. ಕೈಗೂಸು ಇದ್ದರೆ ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿಕೊಂಡೇ ಹೊರಡಿ.

ಬಿಸಿಲಿನ ದಿಕ್ಕೂ ನೋಡಬೇಕು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಜನವರಿಯಲ್ಲಿ ಬೆಚ್ಚಗೆ, ಮಕ್ಕಳಿಗೆ ಹಿತ. ಅದೇ ಇಳಿಜಾರು ಮಾರ್ಚ್ ಕೊನೆಯಲ್ಲಿ ಮಧ್ಯಾಹ್ನ ಕಲಸಿದ ಹಿಟ್ಟಿನ ಹಾಗೆ ಆಗಿ, ರಾತ್ರಿ ಹೆಪ್ಪುಗಟ್ಟಿ, ಬೆಳಗ್ಗೆ ತರಗತಿಯ ಹೊತ್ತಿಗೆ ಬರೀ ಐಸ್ ಆಗಿರುತ್ತದೆ. ಮಾರ್ಚ್‌ಗೆ ಉತ್ತರ ಮುಖ ಒಳ್ಳೆಯದು.

ಸುಲಭದ ಉಪಾಯ ಒಂದಿದೆ. ಬಹುತೇಕ ಎಲ್ಲ ಊರುಗಳೂ ನೇರ ಕ್ಯಾಮೆರಾ ಇಟ್ಟಿರುತ್ತವೆ. ಮುಂದಿನ ವರ್ಷ ಹೋಗಬೇಕು ಅಂದುಕೊಂಡ ವಾರದಲ್ಲಿ ಈ ವರ್ಷವೇ ಆ ಕ್ಯಾಮೆರಾ ತೆಗೆದು ನೋಡಿ. ಬೆಟ್ಟದ ತುದಿಯದ್ದು ಬೇಡ, ಊರೊಳಗಿನದ್ದು ನೋಡಿ. ಮನೆಗಳ ಸೂರಿನ ಮೇಲೆ, ಮಕ್ಕಳ ಇಳಿಜಾರಿನ ಮೇಲೆ ಹಿಮ ಇದೆಯಾ ಅಂತ.

ನಕ್ಷೆ ಓದುವುದು: ಇಲ್ಲಿ ಆತುರ ಬೇಡ

ಪ್ರತಿ ಊರಿಗೂ ಇಳಿಜಾರುಗಳ ಬಣ್ಣದ ನಕ್ಷೆ ಇರುತ್ತದೆ, ಸುಮ್ನೆ ಇಳಿಸಿಕೊಳ್ಳಬಹುದು. ಫ್ರಾನ್ಸಿನಲ್ಲಿ ಹಸಿರು ಅತಿ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್, ಇಟಲಿಯಲ್ಲಿ ಸಾಮಾನ್ಯವಾಗಿ ನೀಲಿಯಿಂದಲೇ ಶುರು. ಆದ್ದರಿಂದ ಫ್ರಾನ್ಸಿನ ನೀಲಿಯೂ ಆಸ್ಟ್ರಿಯಾದ ನೀಲಿಯೂ ಒಂದೇ ಅಂತ ತಿಳಿಯಬೇಡಿ. ಆಸ್ಟ್ರಿಯಾದ ಸೇಂಟ್ ಆಂಟನ್ ಸ್ಕೀ ಬಲ್ಲವರಿಗೆ ಹಬ್ಬ, ಆದರೆ ಅಲ್ಲಿನ ನೀಲಿಯಲ್ಲೇ ಹೊಸಬರು ಹೆದರಿಬಿಡುತ್ತಾರೆ.

ನಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ಮಕ್ಕಳ ಕಲಿಕೆಯ ಜಾಗ ಹುಡುಕಿ. ಅದು ಊರೊಳಗೇ ಇದೆಯಾ, ಅಥವಾ ಗೊಂಡೋಲಾ ಹತ್ತಿ ಮೇಲೆ ಹೋಗಬೇಕಾ? ಊರೊಳಗಿದ್ದರೆ ಅಜ್ಜಿ ಕಿಟಕಿಯಿಂದಲೇ ನೋಡಬಹುದು, ಅಳು ಬಂದರೆ ಐದು ನಿಮಿಷದಲ್ಲಿ ಮನೆ. ಮೇಲಿದ್ದರೆ ಹಿಮ ಚೆನ್ನಾಗಿರುತ್ತದೆ, ಆದರೆ ದಿನಾ ಗೊಂಡೋಲಾ ಸಾಲಿನಲ್ಲಿ ಬೂಟು ಹಾಕಿದ ಮಗುವನ್ನು ನಿಲ್ಲಿಸಬೇಕು. ಎರಡೂ ಸರಿ, ಯಾವುದು ಅಂತ ಬುಕ್ ಮಾಡುವ ಮೊದಲೇ ಗೊತ್ತಿರಲಿ.

ಆಮೇಲೆ ಅಲ್ಲಿರುವ ಲಿಫ್ಟ್ ಯಾವುದು ನೋಡಿ. ಮ್ಯಾಜಿಕ್ ಕಾರ್ಪೆಟ್ ಅನ್ನುವುದು ವಿಮಾನ ನಿಲ್ದಾಣದಲ್ಲಿ ಸಾಮಾನು ಬರುವ ಬೆಲ್ಟಿನ ಥರದ್ದು, ಮಗು ಸುಮ್ನೆ ಮೇಲೆ ನಿಂತರೆ ಸಾಕು, ಅದೇ ಎಳೆದುಕೊಂಡು ಹೋಗುತ್ತದೆ. ಎರಡು ಕಾಲಿನ ಮಧ್ಯೆ ಗುಂಡಿಯಂಥದ್ದು ಸಿಕ್ಕಿಸಿಕೊಂಡು ಹೋಗುವ ಬಟನ್ ಲಿಫ್ಟ್ ಒಂದೆರಡು ದಿನದಲ್ಲಿ ಅಭ್ಯಾಸ ಆಗುತ್ತದೆ. ಇಬ್ಬರು ಒಟ್ಟಿಗೆ ಒರಗಿ ಹೋಗುವ ಟಿ-ಬಾರ್ ಮಾತ್ರ ಅಪ್ಪ-ಮಗುವಿಗೆ ಕಷ್ಟ. ಆ ಕಂಬಿ ಅಪ್ಪನ ಮಂಡಿ ಹಿಂದೆ ಬಂದರೆ ಮಗುವಿನ ಬೆನ್ನಿಗೆ ಬರುತ್ತದೆ. ಕನಿಷ್ಠ ಎರಡು ಮ್ಯಾಜಿಕ್ ಕಾರ್ಪೆಟ್ ಇರುವ ಊರನ್ನೇ ನಾನು ಪಟ್ಟಿಯಲ್ಲಿ ಇಟ್ಟುಕೊಳ್ಳುವುದು.

ಈಗ ಬೆರಳಿಟ್ಟು ದಾರಿ ಹಿಡಿಯಿರಿ. ಮಕ್ಕಳ ಇಳಿಜಾರು ಕಲಿತ ಮೇಲೆ ಮುಂದಿನ ಮೆಟ್ಟಿಲು ಯಾವುದು? ಅಲ್ಲಿಂದ ಒಂದು ಲಿಫ್ಟ್ ಹತ್ತಿ, ಹಸಿರು ಅಥವಾ ನೀಲಿ ಗೆರೆಯಲ್ಲೇ ಊರಿನವರೆಗೆ ಇಳಿದು ಬರಲು ಆಗುತ್ತದಾ, ಅಥವಾ ಮಧ್ಯೆ ಎಲ್ಲೋ ಕೆಂಪು ಗೆರೆ ಅಡ್ಡ ಬರುತ್ತದಾ? ಎಷ್ಟೋ ಊರುಗಳಲ್ಲಿ ಮೇಲೆ ಎಲ್ಲಾ ನೀಲಿ, ಊರಿಗೆ ಇಳಿಯುವ ಕೊನೆಯ ತುಂಡು ಮಾತ್ರ ಕೆಂಪು. ಸಂಜೆ 4 ಗಂಟೆಗೆ ಎಲ್ಲರೂ ಅಲ್ಲೇ ಇಳಿಯುತ್ತಾರೆ, ನೆಲ ಐಸ್ ಆಗಿರುತ್ತದೆ, ಕಾಲು ಸೋತಿರುತ್ತದೆ, ಜನ ಬಿದ್ದು ಪೆಟ್ಟು ಮಾಡಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಅಂಥ ಊರಿನಲ್ಲಿ ಗೊಂಡೋಲಾದಲ್ಲೇ ಕೆಳಗೆ ಬರುವ ಅನುಕೂಲ ಇದೆಯಾ ನೋಡಿ.

ಇನ್ನೊಂದು ವಿಷಯ, ನಕ್ಷೆಯಲ್ಲಿ ಕಾಡಿನ ಅಂಚಿನಲ್ಲಿ ಹಾವಿನ ಹಾಗೆ ಸುತ್ತಿ ಬರುವ ಸಣ್ಣ ನೀಲಿ ಗೆರೆ ಕಂಡರೆ, ಅದು ಬೇಸಿಗೆಯಲ್ಲಿ ಕಾಡಿನ ರಸ್ತೆ. ಇಕ್ಕಟ್ಟು, ಒಂದು ಕಡೆ ಕಮರಿ, ಮಧ್ಯೆ ಸಮತಟ್ಟು. ಮಕ್ಕಳು ಅಲ್ಲಿ ನಿಂತುಬಿಡುತ್ತಾರೆ, ನೀವು ತಳ್ಳಬೇಕು. ಅಗಲವಾದ, ಚಿಕ್ಕದಾದ ನೀಲಿ ಇಳಿಜಾರು ಅದಕ್ಕಿಂತ ಎಷ್ಟೋ ಮೇಲು.

ಒಟ್ಟು ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕಕ್ಕೆ ಮರುಳಾಗಬೇಡಿ. ಫ್ರಾನ್ಸಿನ ತ್ರೀ ವ್ಯಾಲೀಸ್ 600 ಕಿಲೋಮೀಟರ್, ಇಟಲಿಯ ಡೊಲೊಮಿಟಿ ಸೂಪರ್‌ಸ್ಕಿ ಒಂದೇ ಪಾಸ್‌ನಲ್ಲಿ (ಲಿಫ್ಟ್ ಹತ್ತುವ ಟಿಕೆಟ್) 1,200 ಕಿಲೋಮೀಟರ್ ಅನ್ನುತ್ತದೆ. ಮೊದಲ ವಾರದ ಕುಟುಂಬಕ್ಕೆ 20 ಕಿಲೋಮೀಟರ್ ಧಾರಾಳ.

ಸ್ಕೀ ಶಾಲೆಗೆ ಬರೆಯಿರಿ, ಮನೆ ಹುಡುಕುವ ಮೊದಲೇ

ದುಡ್ಡು ಉಳಿಸಲು ಅಪ್ಪ ಅಮ್ಮನೇ ಕಲಿಸುವುದು ಬೇಡ, ದಯವಿಟ್ಟು. ನಿಮಗೆ ಸ್ಕೀ ಬಂದರೂ ಬೇಡ. ಶಾಲೆಯ ಹುಡುಗರು ಆಟದ ಹಾಗೆ ಕಲಿಸುತ್ತಾರೆ, ಸ್ಕೀಯ ಮೂತಿ ಎರಡನ್ನೂ ಹತ್ತಿರ ತಂದು "ಪಿಜ್ಜಾ ತುಂಡು ಮಾಡು" ಅಂದರೆ ಮಗು ನಿಲ್ಲುವುದನ್ನು ಕಲಿತಿರುತ್ತದೆ. ನಾನು ಬಾಯಿ ನೋಯುವಷ್ಟು ಹೇಳಿದರೂ ಆಗದ್ದು ಅವರ ಕೈಯಲ್ಲಿ ಅರ್ಧ ಗಂಟೆಯಲ್ಲಿ ಆಯಿತು. ಫ್ರಾನ್ಸಿನಲ್ಲಿ ಕೆಂಪು ಜಾಕೆಟ್ಟಿನ ಇಎಸ್‌ಎಫ್ ಶಾಲೆ ಹೆಚ್ಚು ಕಡಿಮೆ ಎಲ್ಲ ಊರಲ್ಲೂ ಇದೆ, ಅದರ "ಪಿಯು-ಪಿಯು" ಅನ್ನುವ ಪುಟ್ಟ ಮಕ್ಕಳ ತರಗತಿಗೆ 3 ವರ್ಷದಿಂದಲೇ ಸೇರಿಸುತ್ತಾರೆ. ಆಸ್ಟ್ರಿಯಾದಲ್ಲಿ ವಾರದ ಕೊನೆಗೆ ಮಕ್ಕಳಿಗೆ ಪುಟ್ಟ ಓಟ ಇಟ್ಟು ಪದಕ ಕೊಡುವುದು ವಾಡಿಕೆ. ಆ ಪದಕ ನಮ್ಮ ಮನೆಯ ಗೋಡೆ ಮೇಲೆ ಇವತ್ತಿಗೂ ಇದೆ.

ಶಾಲೆಗೆ ಇಮೇಲ್ ಮಾಡಿ ನಾಲ್ಕು ವಿಷಯ ಕೇಳಿ. ನಮ್ಮ ವಾರದಲ್ಲಿ ಇಂಗ್ಲಿಷ್ ಮಾತಾಡುವ ಗುಂಪು ಇದೆಯಾ? ಒಂದು ಗುಂಪಿನಲ್ಲಿ ಹೆಚ್ಚೆಂದರೆ ಎಷ್ಟು ಮಕ್ಕಳು? ಮಧ್ಯಾಹ್ನದ ಊಟ ಮಾಡಿಸಿ ನೋಡಿಕೊಳ್ಳುತ್ತೀರಾ, ಮಾಂಸವಿಲ್ಲದ ಊಟ ಸಿಗುತ್ತದಾ? ಮಕ್ಕಳನ್ನು ಬಿಡುವ ಜಾಗ ನಿಖರವಾಗಿ ಎಲ್ಲಿ? ಕೊನೆಯ ಪ್ರಶ್ನೆಯ ಉತ್ತರ ಬಂದ ಮೇಲೆ ಆ ಜಾಗವನ್ನು ಗೂಗಲ್ ಮ್ಯಾಪಿನಲ್ಲಿ ಗುರುತು ಮಾಡಿಕೊಳ್ಳಿ. ಮನೆ ಹುಡುಕುವುದು ಆ ಗುರುತಿನ ಸುತ್ತ.

ಮನೆ

ಆ ಗುರುತಿನಿಂದ 300 ಮೀಟರ್ ಒಳಗೆ ಸಿಗುತ್ತದಾ ನೋಡಿ. ಜಾಹೀರಾತಿನಲ್ಲಿ "ಬಾಗಿಲಿನಿಂದಲೇ ಸ್ಕೀ" ಅಂತ ಇದ್ದರೂ ನಂಬಿ ಕೂರಬೇಡಿ, ಆ ಬಾಗಿಲ ಮುಂದಿರುವುದು ಕೆಂಪು ಇಳಿಜಾರಾಗಿದ್ದರೆ ನಿಮಗೆ ಏನು ಉಪಯೋಗ? ಏರು ಇಳಿತವನ್ನೂ ಕೇಳಿ. ದೂರ ಇದ್ದರೆ ಉಚಿತ ಬಸ್ ಇದೆಯಾ, ನಿಲ್ದಾಣ ಎಲ್ಲಿ, ಎಷ್ಟು ಹೊತ್ತಿಗೊಂದು ಅಂತ ತಿಳಿದುಕೊಳ್ಳಿ. ಶಾಲೆಯ ಹತ್ತಿರವೇ ಬೂಟು-ಸ್ಕೀ ಬಿಟ್ಟು ಬರಲು ಲಾಕರ್ ಬಾಡಿಗೆಗೆ ಸಿಕ್ಕರೆ ಅರ್ಧ ಕಷ್ಟ ಅಲ್ಲೇ ಕಳೆಯಿತು.

ಫ್ರಾನ್ಸಿನ ಅಪಾರ್ಟ್‌ಮೆಂಟುಗಳ ಬಗ್ಗೆ ಎಚ್ಚರ. "6 ಜನಕ್ಕೆ" ಅಂದರೆ ಹಾಲಿನ ಸೋಫಾ ಮೇಲೆ ಇಬ್ಬರು, ಕಾರಿಡಾರಿನ ಮಂಚದ ಮೇಲೆ ಇಬ್ಬರು ಅಂತ ಅರ್ಥ ಇರಬಹುದು. ಜನರ ಲೆಕ್ಕ ಬಿಟ್ಟು ಚದರ ಮೀಟರ್ ನೋಡಿ. ನಾಲ್ವರಿಗೆ 6 ಜನರ ಮನೆ ತೆಗೆದುಕೊಂಡರೆ ಸರಿಹೋಗುತ್ತದೆ. ಹಾಸಿಗೆ ಬಟ್ಟೆ, ಟವೆಲ್ಲು, ಕೊನೆಯ ದಿನದ ಸ್ವಚ್ಛತೆಗೆ ಬೇರೆ ದುಡ್ಡಾ ಅಂತಲೂ ಕೇಳಿ. ಫ್ರಾನ್ಸಿನಲ್ಲಿ ಬಾಡಿಗೆ ಬಹುಮಟ್ಟಿಗೆ ಶನಿವಾರದಿಂದ ಶನಿವಾರ. ಅವತ್ತು ಬೆಟ್ಟದ ರಸ್ತೆಗಳಲ್ಲಿ ಕಾರುಗಳ ಸಾಲು ಕರಗುವುದೇ ಇಲ್ಲ, ಆಗುವುದಾದರೆ ಭಾನುವಾರದಿಂದ ಭಾನುವಾರ ಕೊಡುವ ಮನೆ ಹುಡುಕಿ.

ಊಟದ ಮಾತು

ಸಸ್ಯಾಹಾರಿಗಳಿಗೆ ಇಟಲಿ ಅತಿ ಸುಲಭ. ಬೆಟ್ಟದ ಮೇಲಿನ ಗುಡಿಸಲಿನಂಥ ಹೋಟೆಲಿನಲ್ಲೂ ಟೊಮೆಟೊ ಪಾಸ್ತಾ, ಪಿಜ್ಜಾ ಸಿಗುತ್ತದೆ, ಮಕ್ಕಳು ತಕರಾರಿಲ್ಲದೆ ತಿನ್ನುತ್ತಾರೆ. ಆಸ್ಟ್ರಿಯಾದಲ್ಲಿ ಬೆಳಗಿನ ತಿಂಡಿ, ರಾತ್ರಿ ಊಟ ಸೇರಿದ ಹೋಟೆಲು ಕುಟುಂಬಕ್ಕೆ ಬಹಳ ಅನುಕೂಲ, ಆದರೆ ದೋಸೆ ಚೂರು ತೇಲಿಬಿಟ್ಟ ಹಾಗೆ ಕಾಣುವ ಫ್ರಿಟಾಟನ್ ಸೂಪಿನ ತಿಳಿ ಸಾಮಾನ್ಯವಾಗಿ ಗೋಮಾಂಸದ್ದು. ಕಣ್ಣಿಗೆ ಕಾಣುವುದಿಲ್ಲ, ಕೇಳಿಯೇ ತಿನ್ನಬೇಕು. ಸ್ವಿಟ್ಜರ್‌ಲೆಂಡಿನ ಆಲೂಗಡ್ಡೆ ರೋಸ್ಟಿ ಚೆನ್ನಾಗಿರುತ್ತದೆ, ಹಂದಿಮಾಂಸದ ಚೂರು ಹಾಕಬೇಡಿ ಅಂತ ಹೇಳಿ. ಕರಗಿಸಿದ ಚೀಸ್‌ನ ಫಾಂಡ್ಯೂಗೆ ವೈನ್ ಹಾಕಿರುತ್ತಾರೆ. ಕಟ್ಟುನಿಟ್ಟಾಗಿ ಇರುವವರಿಗೆ ಇನ್ನೊಂದು ಮಾತು, ಗ್ರುಯೇರ್ ಥರದ ಚೀಸ್‌ಗೆ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ.

ನಮ್ಮ ಅಮ್ಮ ಬಂದಿದ್ದ ವರ್ಷ ಅಡುಗೆಮನೆ ಇರುವ ಮನೆಯನ್ನೇ ಹಿಡಿದೆವು. ಆಗ ಕಲಿತದ್ದು ಇದು: 2,300 ಮೀಟರ್ ಎತ್ತರದಲ್ಲಿ ನೀರು 92 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ, ಹಾಗಾಗಿ ತೊಗರಿಬೇಳೆ ಬರೀ ಪಾತ್ರೆಯಲ್ಲಿ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ, ಕುಕ್ಕರ್ ಬೇಕೇ ಬೇಕು. ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಅಲ್ಲಿನ ಇಂಡಕ್ಷನ್ ಒಲೆ ಮೇಲೆ ಬಿಸಿಯೇ ಆಗುವುದಿಲ್ಲ. ತಳ ಇಂಡಕ್ಷನ್‌ಗೆ ಆಗುವ ಚಿಕ್ಕ ಸ್ಟೀಲ್ ಕುಕ್ಕರ್ ತನ್ನಿ. ಅವಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ ತರಬಹುದು. ತುಪ್ಪ, ಪೇಡಾ ಬೇಡ, ಹಾಲಿನ ಪದಾರ್ಥ ಭಾರತದಿಂದ ಯುರೋಪಿನ ಒಳಗೆ ತರುವ ಹಾಗಿಲ್ಲ. ಸಂಜೆ ಹಿಮದಿಂದ ಒಳಗೆ ಬಂದು ಬಿಸಿ ಸಾರನ್ನ ಉಂಡ ಮಕ್ಕಳು 8 ಗಂಟೆಗೆಲ್ಲಾ ನಿದ್ದೆ ಹೋಗುತ್ತಿದ್ದರು.

ತಲುಪುವುದು

ವಿಮಾನದಿಂದ ಇಳಿದ ಮೇಲೆ ಎರಡು ಗಂಟೆಗಿಂತ ಜಾಸ್ತಿ ಬೆಟ್ಟದ ರಸ್ತೆ ಬೇಡ, ತಿರುವಿನಲ್ಲಿ ಮಕ್ಕಳಿಗೆ ವಾಂತಿ ಬರುತ್ತದೆ. ಜಿನೀವಾದಿಂದ ಫ್ರಾನ್ಸಿನ ಲೆ ಜೆ ಅನ್ನುವ ಊರಿನ ಕಡೆಗೆ ಒಂದೂವರೆ ಗಂಟೆ ಒಳಗೆ ಹೋಗಬಹುದು, ವಾಲ್ ಥೋರೆನ್ಸ್‌ಗೆ ಮೂರು ಗಂಟೆ ಹತ್ತಿರ, ಶನಿವಾರ ಇನ್ನೂ ಹೆಚ್ಚು. ಹಿಮದಲ್ಲಿ ಕಾರು ಓಡಿಸಿ ಅಭ್ಯಾಸ ಇಲ್ಲದವರು ಬಾಡಿಗೆ ಕಾರಿನ ಆಸೆ ಬಿಟ್ಟು ರೈಲು ಇರುವ ಊರು ಆರಿಸಿ. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ ಇದೆ. ಅಲ್ಲಿಂದ ಇಂಟರ್‌ಲಾಕನ್, ಲೌಟರ್‌ಬ್ರುನನ್ ಮೂಲಕ ವೆಂಗನ್ ಅನ್ನುವ ಸ್ಕೀ ಊರಿನವರೆಗೆ ರೈಲಲ್ಲೇ ಹೋಗಬಹುದು. ಪ್ಯಾರಿಸ್‌ನಿಂದ ಬೂರ್ ಸೇಂಟ್ ಮೊರಿಸ್‌ಗೆ ರೈಲು, ಅಲ್ಲಿಂದ ಬೆಟ್ಟ ಹತ್ತುವ ಫ್ಯುನಿಕ್ಯುಲರ್ ಗಾಡಿಯಲ್ಲಿ ಏಳೇ ನಿಮಿಷಕ್ಕೆ ಆರ್ಕ್ 1600 ಅನ್ನುವ ಸ್ಕೀ ಊರು. ರೈಲು-ಬಸ್ಸಿನ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಸ್ಕೀ ಪಾಸೂ ಬಂತು ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ, ಹಾಗಲ್ಲ, ಅದು ಬೇರೆ ಇದು ಬೇರೆ.

ದುಡ್ಡು

ವಿಮಾನ ಮತ್ತು ಮನೆ ಸೇರಿಸಿ ಬಜೆಟ್ ಹಾಕುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅದರ ಮೇಲೆ ಲಿಫ್ಟ್ ಪಾಸ್, ಸ್ಕೀ-ಬೂಟು-ಹೆಲ್ಮೆಟ್ ಬಾಡಿಗೆ, ಶಾಲೆಯ ಶುಲ್ಕ, ಬೆಟ್ಟದ ಮೇಲಿನ ಊಟ, ಬಟ್ಟೆ ಇಷ್ಟೂ ಇವೆ. ದೊಡ್ಡ ಊರುಗಳಲ್ಲಿ ದೊಡ್ಡವರ ಒಂದು ದಿನದ ಪಾಸ್ 70-80 ಯೂರೋ ಮುಟ್ಟುತ್ತದೆ. ಹೊಸಬರಿಗೆ ಅದು ಬೇಕಾಗಿಲ್ಲ. ಫ್ರಾನ್ಸಿನ ಹಲವು ಊರುಗಳಲ್ಲಿ ಕಲಿಯುವ ಇಳಿಜಾರಿನ ಕೆಲವು ಲಿಫ್ಟ್ ಉಚಿತ, 5 ವರ್ಷದೊಳಗಿನ ಮಕ್ಕಳಿಗೆ ಬಹುತೇಕ ಕಡೆ ಪಾಸೇ ಉಚಿತ. "ಆರಂಭಿಕರ ಪಾಸ್ ಇದೆಯಾ" ಅಂತ ಮೊದಲು ಕೇಳಿ, ನಾಲ್ಕನೇ ದಿನ ಬೇಕಾದರೆ ದೊಡ್ಡ ಪಾಸ್ ತೆಗೆದುಕೊಳ್ಳಬಹುದು.

ಬಟ್ಟೆಗೆ ಬೆಂಗಳೂರಿನ ಡೆಕಾತ್ಲಾನ್ ಸಾಕು. ಥರ್ಮಲ್, ಫ್ಲೀಸ್, ನೀರು ಒಳಗೆ ಬಾರದ ಜಾಕೆಟ್ಟು ಪ್ಯಾಂಟು. ಹತ್ತಿ ಬಟ್ಟೆ, ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಮೈಗೆ ಅಂಟಿ ನಡುಕ ಬರುತ್ತದೆ. ಚಿಕ್ಕ ಮಕ್ಕಳಿಗೆ ಐದು ಬೆರಳಿನ ಗ್ಲೌಸಿಗಿಂತ ಬೆರಳೆಲ್ಲಾ ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ಮಂಕಿ ಕ್ಯಾಪ್ ಹೆಲ್ಮೆಟ್ ಒಳಗೆ ಹಿಡಿಸುವುದಿಲ್ಲ, ಮಫ್ಲರ್ ಲಿಫ್ಟಿಗೆ ಸಿಕ್ಕಿಕೊಂಡರೆ ಅಪಾಯ, ಕುತ್ತಿಗೆಗೆ ಹಾಕುವ ಬಟ್ಟೆಯ ಕೊಳವೆ ಸಿಗುತ್ತದೆ, ಅದು ತನ್ನಿ.

ವೀಸಾ, ವಿಮೆ

ಯುರೋಪಿನ ಬಹುತೇಕ ದೇಶಗಳಿಗೆ ಒಂದೇ ಆದ ಷೆಂಗನ್ ವೀಸಾಕ್ಕೆ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಉಚಿತ. ಜಿನೀವಾದಲ್ಲಿ ಇಳಿದು ಫ್ರಾನ್ಸಿನಲ್ಲಿ ವಾರ ಇರುವವರು ಅರ್ಜಿ ಹಾಕಬೇಕಾದ್ದು ಫ್ರಾನ್ಸಿಗೆ, ಇಳಿಯುವ ದೇಶಕ್ಕಲ್ಲ. ಬ್ರಿಟನ್ನಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇರುವವರಿಗೂ ಈ ವೀಸಾ ಬೇಕು.

ವೀಸಾಕ್ಕೆ 30,000 ಯೂರೋ ಮೊತ್ತದ ವಿಮೆ ಕೇಳುತ್ತಾರೆ, ಎಲ್ಲರೂ ಮಾಡಿಸುತ್ತಾರೆ. ಆದರೆ ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ ಅನ್ನುವುದು ಬಿದ್ದು ಕಾಲು ಮುರಿದ ಮೇಲೆ ಗೊತ್ತಾಗಬಾರದು. ಚಳಿಗಾಲದ ಕ್ರೀಡೆ, ಇಳಿಜಾರಿನಿಂದ ಕೆಳಗೆ ತರುವ ಖರ್ಚು, ಹೆಲಿಕಾಪ್ಟರ್, ನಿಮ್ಮಿಂದ ಬೇರೆಯವರಿಗೆ ಪೆಟ್ಟಾದರೆ ಪರಿಹಾರ, ಈ ನಾಲ್ಕೂ ಪಾಲಿಸಿಯಲ್ಲಿ ಬರೆದಿದೆಯಾ ಓದಿ. ಇಟಲಿಯಲ್ಲಿ ಈ ಪರಿಹಾರದ ವಿಮೆ 2022ರಿಂದ ಕಡ್ಡಾಯ, ಪಾಸ್ ಜೊತೆಗೇ ಕೊಳ್ಳಬಹುದು. ಹೆಲ್ಮೆಟ್ ಕೂಡ ಅಲ್ಲಿ ಕಡ್ಡಾಯ, 2025ರ ನವೆಂಬರ್‌ನಿಂದ ದೊಡ್ಡವರಿಗೂ. ಬೇರೆ ಕಡೆ ಕಾನೂನು ಇರಲಿ ಬಿಡಲಿ, ಎಲ್ಲರೂ ಹಾಕಿ. ತುರ್ತಿಗೆ ಎಲ್ಲ ಕಡೆ 112.

ಹಾಗಾದರೆ ಯಾವ ಊರು?

ಚಿಕ್ಕ ಮಕ್ಕಳೇ ಇರುವ ಮನೆಗೆ ನಾನು ಮೊದಲು ಹೇಳುವುದು ಆಸ್ಟ್ರಿಯಾದ ಸೆರ್ಫೌಸ್. ಸುಮಾರು 1,400 ಮೀಟರ್, ಪಕ್ಕದ ಫಿಸ್, ಲಾಡಿಸ್ ಊರುಗಳ ಜೊತೆ ಸೇರಿದೆ. ಪ್ರವಾಸಿಗರ ಕಾರು ಊರೊಳಗೆ ಓಡಾಡುವ ಹಾಗಿಲ್ಲ, ಬದಲಿಗೆ ಊರಿನ ಕೆಳಗೆ 1985ರಿಂದ ಪುಟ್ಟ ಸುರಂಗ ರೈಲು ಓಡುತ್ತದೆ, ಟಿಕೆಟ್ ಇಲ್ಲ, ನೇರ ಲಿಫ್ಟಿನ ಬುಡಕ್ಕೆ ಬಿಡುತ್ತದೆ. ಮಕ್ಕಳಿಗೆ ಆ ರೈಲೇ ಒಂದು ಆಟ. ಕಲಿಯುವ ಮಕ್ಕಳಿಗಾಗಿ ಬೆಟ್ಟದ ಮೇಲೆ ದೊಡ್ಡ ಜಾಗವನ್ನೇ ಬಿಟ್ಟಿದ್ದಾರೆ. ಅಗ್ಗ ಅಲ್ಲ.

ಅಜ್ಜ ಅಜ್ಜಿ ಜೊತೆಗಿದ್ದರೆ ಸ್ವಿಟ್ಜರ್‌ಲೆಂಡಿನ ವೆಂಗನ್. 1,274 ಮೀಟರ್, ಕಾರು ಬರುವುದೇ ಇಲ್ಲ, ಕಲಿಯುವ ಇಳಿಜಾರು ಊರ ಮಧ್ಯೆ. ಸ್ಕೀ ಹಾಕಿದವರೂ ಹಾಕದವರೂ ಒಂದೇ ಹಲ್ಲುಗಾಲಿ ರೈಲು ಹತ್ತಿ 2,061 ಮೀಟರ್‌ನ ಕ್ಲೈನ ಶೈಡೆಗ್‌ಗೆ ಹೋಗಿ ಒಟ್ಟಿಗೆ ಊಟ ಮಾಡಬಹುದು. ನಮ್ಮ ಅಮ್ಮ ಸೀರೆ ಮೇಲೆ ಉದ್ದ ಕೋಟು ಹಾಕಿಕೊಂಡು ಅಲ್ಲಿ ಬಿಸಿಲಲ್ಲಿ ಕೂತು, ಎದುರಿಗೆ ಐಗರ್ ಶಿಖರ ನೋಡುತ್ತಾ, ಮೊಮ್ಮಗಳು ಇಳಿದು ಬರುವುದನ್ನು ಕಾದಿದ್ದರು. ಏಪ್ರಿಲ್‌ಗೆ ಮಾತ್ರ ಈ ಊರು ಬೇಡ, ತಗ್ಗಾಯಿತು. ಸ್ಕೀಗಿಂತ ನಡಿಗೆಯೇ ಜಾಸ್ತಿ ಬೇಕು ಅನ್ನುವವರಿಗೆ ಇನ್ಸ್‌ಬ್ರುಕ್ ಹತ್ತಿರದ ಜೀಫೆಲ್ಡ್ ನೋಡಿ, ಸಮತಟ್ಟಾದ ಬಯಲು, ರೈಲೂ ಇದೆ.

ಫ್ರಾನ್ಸಿನಲ್ಲಿ ಅವೋರಿಯಾಜ್. 1,800 ಮೀಟರ್, ಇಲ್ಲೂ ಕಾರಿಲ್ಲ, ರಸ್ತೆಗಳೇ ಹಿಮದ ದಾರಿ, ಮಕ್ಕಳ ಸ್ಕೀ ಶಾಲೆಯ ಪುಟ್ಟ ಹಳ್ಳಿ ಊರ ನಡುವೆಯೇ ಇದೆ. ಅಗಲವಾದ ಹಸಿರು ಇಳಿಜಾರು ಬೇಕಾದರೆ 1,860 ಮೀಟರ್‌ನ ಆಲ್ಪ್ ದುಯೆಜ್. ಬೆಂಗಳೂರಿನ ಏಪ್ರಿಲ್ ರಜೆಗೆ ಓಬರ್‌ಗುರ್ಗ್ಲ್ ಅಥವಾ ವಾಲ್ ಥೋರೆನ್ಸ್. ಊಟ ಮುಖ್ಯ, ನೋಟ ಮುಖ್ಯ ಅನ್ನುವವರಿಗೆ ಇಟಲಿಯ ಆಲ್ಟಾ ಬಾದಿಯಾ, ಡೊಲೊಮೈಟ್ ಬೆಟ್ಟಗಳ ಬುಡದಲ್ಲಿ ಸುಲಭದ ಇಳಿಜಾರುಗಳು.

ಫ್ರಾನ್ಸಿನ ಶಮೋನಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೋ ಬ್ಲಾಂಕ್ ಶಿಖರ ನೋಡಲು ಹೋಗಿ, ಖಂಡಿತ. ಆದರೆ ಅಲ್ಲಿ ಸ್ಕೀ ಜಾಗಗಳು ಕಣಿವೆಯುದ್ದಕ್ಕೂ ಚದುರಿವೆ, ಬಸ್ಸಿನಲ್ಲಿ ಓಡಾಡಬೇಕು, ಪುಟ್ಟ ಮಕ್ಕಳ ಮೊದಲ ವಾರಕ್ಕೆ ಅದು ತಕ್ಕ ಜಾಗ ಅಲ್ಲ.

ಮಕ್ಕಳಿಗೆ ಇಷ್ಟ ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದರೆ, ದುಬೈ ದಾರಿಯಾಗಿ ಬರುವವರು ಅಲ್ಲಿನ ಮಾಲಿನೊಳಗಿನ ಸ್ಕೀ ದುಬೈನಲ್ಲಿ ಒಂದು ತರಗತಿ ಹಾಕಿಸಿ ನೋಡಬಹುದು. ಬೂಟು ಹಾಕಿ ನಿಲ್ಲುವುದು ಅಂದರೇನು ಅಂತಾದರೂ ಗೊತ್ತಾಗುತ್ತದೆ.

ಬುಕ್ ಮಾಡುವ ಕ್ರಮ ಹೀಗಿರಲಿ: ಮೊದಲು ಸ್ಕೀ ಶಾಲೆಯಲ್ಲಿ ಜಾಗ, ಆಮೇಲೆ ಅದರ ಹತ್ತಿರ ಮನೆ, ಆಮೇಲೆ ವಿಮಾನ, ಕೊನೆಗೆ ಪಾಸ್. ಮನೆಯನ್ನು ವೀಸಾ ಬರುವವರೆಗೆ ರದ್ದು ಮಾಡಬಹುದಾದ ಷರತ್ತಿನಲ್ಲೇ ಹಿಡಿಯಿರಿ. ತಲುಪಿದ ದಿನ ಸಂಜೆಯೇ ಬಾಡಿಗೆ ಅಂಗಡಿಗೆ ಹೋಗಿ, ಬೆಳಗ್ಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಗುವಿಗೆ ಒಂದೇ ಜೊತೆ ಕಾಲುಚೀಲ ಹಾಕಿ ಬೂಟು ತೊಡಿಸಿ, ನೆಟ್ಟಗೆ ನಿಲ್ಲಿಸಿ. ಬೆರಳ ತುದಿ ಮುಂದೆ ಹಗುರವಾಗಿ ತಾಕಬೇಕು, ಮಂಡಿ ಬಗ್ಗಿಸಿದಾಗ ಬಿಡಬೇಕು, ಹಿಮ್ಮಡಿ ಮೇಲೇಳಬಾರದು. ಅಂಗಡಿಯೊಳಗೇ ಹತ್ತು ನಿಮಿಷ ನಡೆದಾಡಿಸಿ. "ಇಲ್ಲಿ ಚುಚ್ಚುತ್ತೆ" ಅಂದರೆ ಇನ್ನೊಂದು ಜೊತೆ ಕೇಳಿ ಹಾಕಿಸಿ ನೋಡಿ, ಎಷ್ಟು ಜೊತೆ ಬದಲಾಯಿಸಿದರೂ ಪರವಾಗಿಲ್ಲ.